ಗುಜರಿ ಸಾಮಾನಿನಿಂದ ಒಂದು ಜಾದೂಪೆಟ್ಟಿಗೆ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಮೂಲೆಯ ಕಪಾಟಿನಲ್ಲಿ, ಹಿತ್ತಾಳೆಯ ಹಲ್ಲುಚಕ್ರಗಳನ್ನು ತಲೆಯ ಮೇಲೆ ಹೊತ್ತ ಒಂದು ಮರದ ಪೆಟ್ಟಿಗೆ ಇದೆ. 1988ರಿಂದ ಈಚೆಗೆ ಇಲ್ಲಿ ಕಲಿತವರಲ್ಲಿ ಅದನ್ನು ಎತ್ತಲು ಹೋಗಿ ಸೋತವರು ಅನೇಕರು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕರೂ ಕೇಳುವ "ಆ ಪೆಟ್ಟಿಗೆ ಮಾಡಿದ್ದು ಹೇಗೆ ಮಾಷ್ಟ್ರೇ?" ಎಂಬ ಪ್ರಶ್ನೆಯೇ ನೆನಪಿಗೆ ಬಂತು. ಅದಕ್ಕೆ ಒಮ್ಮೆ ಸವಿವರವಾಗಿ ಉತ್ತರಿಸಿಬಿಡುವುದು ಈ ಬರಹದ ಉದ್ದೇಶ. ಓದಿದವರು ಮನೆಯಲ್ಲಿ ತಾವೇ ಮಾಡಿ ನೋಡುವಷ್ಟು ವಿವರ ಇಲ್ಲಿದೆ.

ಉಗಿಯಂತ್ರದ ಕಾಲದ ಹಿತ್ತಾಳೆ, ತಾಮ್ರ, ಹಲ್ಲುಚಕ್ರ, ಒತ್ತಡಮಾಪಕಗಳ ಸೊಗಸನ್ನು ಅನುಸರಿಸಿ ಮಾಡಿದ ಇಂತಹ ವಸ್ತುಗಳಿಗೆ ಇಂದು 'ಸ್ಟೀಮ್‌ಪಂಕ್' ಎಂಬ ಹೆಸರು ರೂಢಿಯಲ್ಲಿದೆ. ಅಮೆರಿಕದ ಕಾದಂಬರಿಕಾರ ಕೆ. ಡಬ್ಲ್ಯು. ಜೀಟರ್ 1987ರಲ್ಲಿ 'ಲೋಕಸ್' ಪತ್ರಿಕೆಗೆ ಬರೆದ ಕಾಗದವೊಂದರಲ್ಲಿ, ಅರ್ಧ ತಮಾಷೆಯಾಗಿ, ಈ ಪದವನ್ನು ಬಳಕೆಗೆ ತಂದ. ಅದು ಆಗ ಒಂದು ಬಗೆಯ ಕಥಾಸಾಹಿತ್ಯಕ್ಕೆ ಇಟ್ಟ ಹೆಸರು. ಕೈಕೆಲಸದವರಿಗೆ ಅನ್ವಯಿಸಿದ್ದು ಆಮೇಲೆ. ಮರುವರ್ಷ ಪೆಟ್ಟಿಗೆ ಮಾಡಲು ಕುಳಿತ ನಮಗೆ ಆ ಪದದ ಸುದ್ದಿಯೇ ಇರಲಿಲ್ಲ. ಕೆಟ್ಟ ಟೈಂಪೀಸುಗಳನ್ನು ಬಿಚ್ಚಿ ಹಿತ್ತಾಳೆಯನ್ನು ಬೇರ್ಪಡಿಸುವ ತಾಳ್ಮೆ ಗುಜರಿ ಅಂಗಡಿಯವರಿಗೆ ಇರಲಿಲ್ಲ. ಆದ್ದರಿಂದ ಅವು ನಮಗೆ ಅಗ್ಗವಾಗಿ ದೊರೆತವು. ನಮ್ಮ ಶೈಲಿಯ ಹಿಂದಿದ್ದ ಸಿದ್ಧಾಂತ ಇಷ್ಟೇ.

ಆದರೆ ಪೆಟ್ಟಿಗೆಯ ಮೂಲ ಕಲ್ಪನೆ ನಮ್ಮದಲ್ಲ. ಅದು ಫ್ರಾನ್ಸಿನ ಜಾಂ ಯುಜೆನ್ ರಾಬರ್ಟ್ ಹೂಡಿನ್ ಎಂಬವನದು. ಇವನು 1805ರಲ್ಲಿ ಬ್ಲ್ವಾ ಎಂಬ ಊರಿನಲ್ಲಿ ಗಡಿಯಾರ ತಯಾರಕನೊಬ್ಬನ ಮಗನಾಗಿ ಹುಟ್ಟಿದ. ಗಡಿಯಾರದ ಕಸುಬಿನ ಗ್ರಂಥವನ್ನು ಕೊಳ್ಳಲು ಹೋದಾಗ ಅಂಗಡಿಯವನು ತಪ್ಪಿ ಜಾದೂವಿನ ಪುಸ್ತಕವನ್ನು ಕಟ್ಟಿಕೊಟ್ಟನೆಂದೂ, ಅದನ್ನು ಹಿಂದಿರುಗಿಸದೆ ಓದತೊಡಗಿದ್ದೇ ತನ್ನ ಬಾಳಿನ ತಿರುವೆಂದೂ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಜಾದೂಗಾರರ ಆತ್ಮಕಥೆಗಳನ್ನು ಸ್ವಲ್ಪ ಉಪ್ಪು ಬೆರೆಸಿಯೇ ಓದಬೇಕು. ಆದರೂ ಕಥೆ ಚೆನ್ನಾಗಿದೆ. 1844ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನು ಇಟ್ಟಿದ್ದ, ಬರೆಯುವ ಮತ್ತು ಚಿತ್ರ ಬಿಡಿಸುವ ಯಂತ್ರದ ಬೊಂಬೆಯನ್ನು ದೊರೆ ಲೂಯಿ ಫಿಲಿಪ್ ಮೆಚ್ಚಿದ; ಮುಂದೆ ಅದನ್ನು ಅಮೆರಿಕದ ಪ್ರದರ್ಶನಕಾರ ಬಾರ್ನಮ್ ಕೊಂಡುಕೊಂಡ. 1845ರ ಜುಲೈ 3ರಂದು ಪ್ಯಾರಿಸಿನ ಪಾಲೆ ರುವಾಯಾಲಿನಲ್ಲಿ ಹೂಡಿನ್ ತನ್ನದೇ ರಂಗಮಂದಿರವನ್ನು ತೆರೆದ. ಅಲ್ಲಿಯ ಕಿತ್ತಳೆಯ ಗಿಡ ಲೋಕಪ್ರಸಿದ್ಧ. ಪ್ರೇಕ್ಷಕರೊಬ್ಬರಿಂದ ಪಡೆದ ಕರವಸ್ತ್ರ ಮಾಯವಾಗುವುದು, ಗಿಡ ಹೂಬಿಡುವುದು, ಹೂವಿನ ಜಾಗದಲ್ಲಿ ಹಣ್ಣು ಕಾಣುವುದು, ಹಣ್ಣನ್ನು ಕಿತ್ತು ಸಭಿಕರಿಗೆ ಹಂಚಿದರೆ ಅದು ನಿಜವಾದ ಕಿತ್ತಳೆಯೇ, ತುದಿಯ ಕೊನೆಯ ಹಣ್ಣು ನಾಲ್ಕಾಗಿ ಬಿರಿದಾಗ ಎರಡು ಚಿಟ್ಟೆಗಳು ಆ ಕರವಸ್ತ್ರವನ್ನು ಎತ್ತಿ ಹಿಡಿಯುವುವು! ಟೊಳ್ಳು ಕೊಂಬೆಗಳ ಒಳಗಿನಿಂದ ಹೂಗಳನ್ನು ಮೇಲಕ್ಕೆ ತಳ್ಳುವ ಏರ್ಪಾಡು ಅದರಲ್ಲಿತ್ತು. ನಿಜವಾದ ಹಣ್ಣುಗಳನ್ನು ಮೊದಲೇ ಮೊಳೆಗಳಿಗೆ ಚುಚ್ಚಿ ಎಲೆಗಳಿಂದ ಮರೆಮಾಡಲಾಗುತ್ತಿತ್ತು.

ಗಡಿಯಾರದ ಕಸುಬಿನಿಂದ ರಂಗಕ್ಕೆ ಬಂದವನು ಇವನೊಬ್ಬನೇ ಅಲ್ಲ. ಇಂಗ್ಲೆಂಡಿನ ಜಾನ್ ನೆವಿಲ್ ಮ್ಯಾಸ್ಕಲಿನ್ ಸಹ ಗಡಿಯಾರ ರಿಪೇರಿಯವನೇ. 1875ರಲ್ಲಿ ಅವನು ಲಂಡನ್ನಿನಲ್ಲಿ ಇಸ್ಪೀಟು ಆಡುವ 'ಸೈಕೋ' ಎಂಬ ಯಂತ್ರಪುರುಷನನ್ನು ತೋರಿಸಿದ. ಬೊಂಬೆ ಕುಳಿತದ್ದು ಪಾರದರ್ಶಕ ಗಾಜಿನ ಕೊಳವೆಯ ಮೇಲೆ. ಗಾಜಿನೊಳಗೆ ತಂತಿಯಿಲ್ಲ, ದಾರವಿಲ್ಲ ಎಂಬುದನ್ನು ಜನ ಕಣ್ಣಾರೆ ಕಾಣುತ್ತಿದ್ದರು. ಅದರೊಳಗೆ ಇದ್ದುದು ಗಾಳಿ. ಆ ಗಾಳಿಯ ಒತ್ತಡವೇ ಬೊಂಬೆಯನ್ನು ನಡೆಸುತ್ತಿತ್ತು. ಕಾಣುವ ವಸ್ತುವನ್ನೇ ಮರೆಯಾಗಿ ಬಳಸುವ ಈ ಯುಕ್ತಿಯನ್ನು ಗಮನದಲ್ಲಿಡಿ. ಮುಂದೆ ನಮಗೆ ಅದು ಬೇಕಾಗುತ್ತದೆ.

ಹೂಡಿನ್ ತೋರಿಸುತ್ತಿದ್ದ ಇನ್ನೊಂದು ಪ್ರಯೋಗವೇ 'ಹಗುರವೂ ಭಾರವೂ ಆದ ಪೆಟ್ಟಿಗೆ'. ಚಿಕ್ಕ ಮಗು ಎತ್ತುವ ಪೆಟ್ಟಿಗೆಯನ್ನು ಮರುಗಳಿಗೆಯಲ್ಲಿ ಜಟ್ಟಿಯೂ ಎತ್ತಲಾರ. ವೇದಿಕೆಯ ಅಡಿಯಲ್ಲಿ ವಿದ್ಯುತ್ಕಾಂತ, ಪೆಟ್ಟಿಗೆಯ ತಳದಲ್ಲಿ ಕಬ್ಬಿಣ: ರಹಸ್ಯ ಇಷ್ಟೇ. ವಿಲಿಯಂ ಸ್ಟರ್ಜನ್ ವಿದ್ಯುತ್ಕಾಂತವನ್ನು ತೋರಿಸಿದ್ದು 1825ರಲ್ಲಿ. ಹೂಡಿನ್ನನ ಕಾಲದ ಜನಸಾಮಾನ್ಯರಿಗೆ ಅದರ ಪರಿಚಯ ಇರಲಿಲ್ಲವಾದ್ದರಿಂದ ಅವನ ಕೆಲಸ ಸುಲಭವಾಗಿತ್ತು.

ಈಗ ನಮ್ಮ ಕೆಲಸಕ್ಕೆ ಬರೋಣ. ವಿದ್ಯುತ್ಕಾಂತಕ್ಕೆ ಬೇಕಾದ ಮೆದು ಕಬ್ಬಿಣ ಎಲ್ಲಿಂದ ಬರಬೇಕು? ಕೆಟ್ಟುಹೋದ ಸ್ಟೆಬಿಲೈಸರ್, ಹಳೆಯ ವಾಲ್ವ್ ರೇಡಿಯೋ, ಬ್ಯಾಟರಿ ಎಲಿಮಿನೇಟರುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ತಿರುಳು ತೆಳ್ಳನೆಯ ಉಕ್ಕಿನ ಹಾಳೆಗಳ ಅಡಕು. ಕೆಲವು ಹಾಳೆಗಳು ಇಂಗ್ಲಿಷಿನ 'ಇ' ಅಕ್ಷರದ ಆಕಾರದವು, ಕೆಲವು 'ಐ' ಆಕಾರದವು. ಎಡಬಲ ಬದಲಾಯಿಸಿ ಹೆಣೆದಿರುತ್ತಾರೆ. ವಾರ್ನಿಷಿನಿಂದ ಅಂಟಿಕೊಂಡ ಮೊದಲ ಹಾಳೆಯನ್ನು ಬಿಡಿಸುವುದೇ ಕಷ್ಟ. ಬಿಸಿಲಿನಲ್ಲಿ ಕಾಯಿಸಿ ಮೊಂಡು ಚಾಕುವಿನಿಂದ ಮೆಲ್ಲಗೆ ತಟ್ಟಿದರೆ ಬರುತ್ತದೆ. ಆಮೇಲೆ ಉಳಿದವು ಸಲೀಸು. 'ಐ' ಹಾಳೆಗಳನ್ನೆಲ್ಲ ಬದಿಗಿಟ್ಟು, 'ಇ' ಹಾಳೆಗಳನ್ನು ಮಾತ್ರ ಒಂದೇ ದಿಕ್ಕಿಗೆ ಬಾಯಿ ಬರುವಂತೆ ಜೋಡಿಸಿದರೆ ಮೂರು ಕಾಲಿನ ತೆರೆದ ತಿರುಳು ಸಿದ್ಧವಾಯಿತು. ನಾವು ಬಳಸಿದ್ದರ ನಡುಗಾಲು 25 ಮಿ.ಮೀ. ಅಗಲ, ಅಡಕಿನ ದಪ್ಪವೂ ಅಷ್ಟೇ.

ನಡುಗಾಲಿಗೆ 24 ಗೇಜಿನ, ಎನಾಮಲ್ ಲೇಪದ ತಾಮ್ರದ ತಂತಿಯನ್ನು 500 ಸುತ್ತು ಸುತ್ತಿದೆವು. ತಂತಿ ಬಂದದ್ದು ಮೋಟಾರು ವೈಂಡಿಂಗ್ ಅಂಗಡಿಯ ಉಳಿಕೆಯಿಂದ. ಸುತ್ತೊಂದಕ್ಕೆ ಸರಾಸರಿ 14 ಸೆಂ.ಮೀ. ಹಿಡಿದರೆ ಒಟ್ಟು 70 ಮೀಟರ್. ಅದರ ರೋಧ ಸುಮಾರು 5 ಓಮ್. 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದಾಗ ಹರಿಯುವ ವಿದ್ಯುತ್ತು ಸುಮಾರು 2.4 ಆಂಪಿಯರ್. ಹೊರಹೊಮ್ಮುವ ಶಾಖ 29 ವಾಟ್. ಹತ್ತು ಸೆಕೆಂಡಿನಲ್ಲಿ ಸುರುಳಿ ಐದಾರು ಡಿಗ್ರಿಯಷ್ಟೇ ಬಿಸಿಯೇರುತ್ತದೆ. ಪ್ರಯೋಗಕ್ಕೆ ಅಷ್ಟು ಹೊತ್ತು ಧಾರಾಳ ಸಾಕು. ಮನೆಯ 230 ವೋಲ್ಟಿನ ಹತ್ತಿರ ಈ ವಸ್ತುವನ್ನು ಒಯ್ಯಲೇಬಾರದು. ಇದು ಸಲಹೆಯಲ್ಲ, ಕಟ್ಟಪ್ಪಣೆ.

ಗುಂಡಿಯನ್ನು ಬಿಟ್ಟಾಗ ಸುರುಳಿಯಲ್ಲಿ ಹಿಮ್ಮುಖ ವೋಲ್ಟೇಜು ಹುಟ್ಟಿ ಗುಂಡಿಯ ತುದಿಗಳಲ್ಲಿ ಕಿಡಿ ಹಾರುತ್ತದೆ. ಸುರುಳಿಯ ಎರಡು ತುದಿಗಳಿಗೆ ಅಡ್ಡಲಾಗಿ ಒಂದು ಡಯೋಡನ್ನು, ಅದರ ಪಟ್ಟಿಯಿರುವ ತುದಿ ಬ್ಯಾಟರಿಯ ಧನ ಧ್ರುವದ ಕಡೆಗೆ ಬರುವಂತೆ ಬೆಸೆದರೆ ಈ ತೊಂದರೆ ಇಲ್ಲ. ತಿರುಗುಮುರುಗಾಗಿ ಬೆಸೆದರೆ ಡಯೋಡು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ನಮ್ಮಲ್ಲಿ ಎರಡು ಸುಟ್ಟವು.

ನಮ್ಮ ಮೊದಲ ಪ್ರಯತ್ನ ಸಂಪೂರ್ಣ ಸೋತಿತು. ಬಿಸ್ಕತ್ತಿನ ಡಬ್ಬಿಯ ತಗಡನ್ನು ಕತ್ತರಿಸಿ ಪೆಟ್ಟಿಗೆಯ ತಳಕ್ಕೆ ಅಂಟಿಸಿ, ಅದನ್ನು 6 ಮಿ.ಮೀ. ಪ್ಲೈವುಡ್ಡಿನ ಮೇಜಿನ ಮೇಲಿಟ್ಟಿದ್ದೆವು. ಏಳನೆಯ ತರಗತಿಯ ಹುಡುಗಿಯೊಬ್ಬಳು ಕಿರುಬೆರಳಿನಿಂದ ಅದನ್ನು ಎತ್ತಿ, "ಇದರಲ್ಲಿ ಜಾದೂ ಯಾವುದು ಸರ್?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾಗಿತ್ತು. ಆ ಸಂಜೆ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದಾಗಲೇ ತಪ್ಪು ಎರಡೆಂದು ತಿಳಿಯಿತು.

ಒಂದನೆಯದು ದೂರ. ಕಾಂತದ ಮುಖಕ್ಕೂ ಕಬ್ಬಿಣದ ಹಲಗೆಗೂ ನಡುವಿನ ತೆರಪು ಎರಡರಷ್ಟಾದರೆ ಸೆಳೆತ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ನಾಲ್ಕರಷ್ಟಾದರೆ ಹದಿನಾರನೆಯ ಒಂದು ಪಾಲಿಗೆ. ನಮ್ಮ ಕಾಂತಕ್ಕೆ 12 ವೋಲ್ಟಿನಲ್ಲಿ, 1.25 ಮಿ.ಮೀ. ತೆರಪಿನಲ್ಲಿ, ಲೆಕ್ಕದ ಪ್ರಕಾರ 18 ಕಿಲೋಗ್ರಾಂ ತೂಕದಷ್ಟು ಸೆಳೆತವಿರಬೇಕು. ಅದೇ ಕಾಂತ 6 ಮಿ.ಮೀ. ದೂರದಲ್ಲಿ ಒಂದು ಕಿಲೋವನ್ನೂ ಹಿಡಿಯದು. ಆದ್ದರಿಂದ ಮೇಜಿನ ಹಲಗೆಯಲ್ಲಿ ಕಾಂತದ ಅಳತೆಗೆ ಸರಿಯಾಗಿ ಕಿಂಡಿ ಕೊರೆದು, ಮೇಲೆ 1 ಮಿ.ಮೀ. ದಪ್ಪದ ಸನ್‌ಮೈಕಾ ಹಾಳೆಯನ್ನು ಅಂಟಿಸಿದೆವು. ಪೆಟ್ಟಿಗೆಯ ತಳಕ್ಕೆ ತೆಳು ಬಟ್ಟೆಯೊಂದೇ ಹೊದಿಕೆ. ಆ ತೆರಪು ಪೂರ್ತಿ ಇಲ್ಲದಿರುವುದೂ ಒಳ್ಳೆಯದಲ್ಲ: ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ವಿದ್ಯುತ್ತು ನಿಂತ ಮೇಲೂ ಅಳಿದುಳಿದ ಕಾಂತತ್ವದಿಂದ ಪೆಟ್ಟಿಗೆ ಅಂಟಿಕೊಂಡೇ ಇದ್ದು ಮಾನ ಕಳೆಯುತ್ತದೆ.

ಎರಡನೆಯದು ತಗಡಿನ ದಪ್ಪ. ಕಾಂತದ ಬಲರೇಖೆಗಳು ನಡುಗಾಲಿನಿಂದ ಹೊರಟು, ಹಲಗೆಯ ಒಳಗೆ ಹರಿದು, ಪಕ್ಕದ ಕಾಲುಗಳಿಗೆ ಮರಳಬೇಕು. ತಗಡು ತೆಳುವಾದರೆ ಬೇಸಿಗೆಯ ತೋಡಿಗೆ ಮಳೆಗಾಲದ ನೀರು ನುಗ್ಗಿದಂತೆ. ಸ್ವಲ್ಪ ಹಿಡಿಯುತ್ತದೆ, ಉಳಿದದ್ದು ಹೊರಚೆಲ್ಲುತ್ತದೆ. 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ಬೇಕು. 75 ಮಿ.ಮೀ. ಉದ್ದ, 25 ಮಿ.ಮೀ. ಅಗಲದ ಅಂತಹ ತುಂಡು 90 ಗ್ರಾಂ ಸಹ ತೂಗದ್ದರಿಂದ ಪೆಟ್ಟಿಗೆಗೆ ಭಾರವೂ ಅಲ್ಲ. ನಮಗೆ ಅದು ಹಳೆಯ ಗೇಟಿನ ಪಟ್ಟಿಯಲ್ಲಿ ಸಿಕ್ಕಿತು.

ಈ ಎರಡನ್ನೂ ತಿದ್ದಿ, ತೂಕದ ಕೊಕ್ಕೆಯಿಂದ ಎಳೆದು ನೋಡಿದಾಗ ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸೆಳೆತ ದೊರೆಯಿತು. ಬಲರೇಖೆಗಳ ಸೋರಿಕೆ, ಹಾಳೆಗಳ ಅಸಮತೆ, ಹಳೆಯ ಬ್ಯಾಟರಿಯ ದೌರ್ಬಲ್ಯ ಎಲ್ಲವನ್ನೂ ಕಳೆದರೆ ಇದು ನ್ಯಾಯವಾದ ಫಲ. ಪೆಟ್ಟಿಗೆಗೆ ಮುಷ್ಟಿ ಹಿಡಿಯುವ ಹಿಡಿಕೆಯನ್ನು ಕೊಡಬೇಡಿ. ಮುಚ್ಚಳದ ನಡುವೆ ಎರಡೇ ಬೆರಳು ಹಿಡಿಸುವ ನುಣುಪು ಉಂಗುರವಿರಲಿ. ಎರಡು ಬೆರಳಿಗೆ ಅಷ್ಟು ಭಾರ ಬಹಳವಾಯಿತು. ಹಿಡಿಕೆ ಅಂಚಿನಲ್ಲಿದ್ದರೆ ಸನ್ನೆಗೋಲಿನ ನ್ಯಾಯದಂತೆ ಪೆಟ್ಟಿಗೆ ಓರೆಯಾಗಿ ಸುಲಭವಾಗಿ ಕಿತ್ತುಬರುತ್ತದೆ. ಬ್ಯಾಟರಿಯ ಗುಂಡಿ ಜಮಖಾನದ ಅಡಿಯಲ್ಲಿ, ಕಾಲಿನ ಕೆಳಗೆ. ನಾವು ಬಳಸಿದ್ದು ಕರೆಗಂಟೆಯ ಹಳೆಯ ಗುಂಡಿ.

ಇನ್ನು ಹಿತ್ತಾಳೆಯ ಚಕ್ರಗಳು. ಇವು ಕೇವಲ ಅಲಂಕಾರವೆಂದು ತಿಳಿಯಬಾರದು. ಹೂಡಿನ್ನನ ಸಭಿಕರು ಕಾಂತವನ್ನು ಅರಿಯದವರು; ನಮ್ಮ ಸಭಿಕರಲ್ಲಿ ಐದನೆಯ ತರಗತಿಯ ಮಗುವೂ ಕಾಂತವನ್ನು ಕೈಯಲ್ಲಿ ಹಿಡಿದದ್ದೇ. ಅವರ ಸಂಶಯವನ್ನು ಮೇಜಿನಿಂದ ಬೇರೆ ಕಡೆಗೆ ತಿರುಗಿಸಬೇಕು. ಗಂಟೆ ಹೊಡೆಯುವ ಗೋಡೆಗಡಿಯಾರದಲ್ಲಿ ಎರಡು ಚಕ್ರಸರಣಿಗಳಿರುತ್ತವೆ: ಒಂದು ಕಾಲ ತೋರಿಸಲು, ಇನ್ನೊಂದು ಗಂಟೆ ಬಾರಿಸಲು. ಎರಡನೆಯದರ ತುದಿಯಲ್ಲಿ ತೆಳು ತಗಡಿನ ರೆಕ್ಕೆಯೊಂದು ಗಾಳಿಯನ್ನು ಬೀಸುತ್ತ ತಿರುಗಿ, ಸ್ಪ್ರಿಂಗು ಒಮ್ಮೆಗೇ ಬಿಚ್ಚದಂತೆ ತಡೆಯುತ್ತದೆ. 8 ಹಲ್ಲಿನ ಸಣ್ಣ ಚಕ್ರವನ್ನು 64 ಹಲ್ಲಿನ ದೊಡ್ಡ ಚಕ್ರ ನಡೆಸಿದರೆ ವೇಗ ಎಂಟರಷ್ಟು. ಅಂತಹ ಮೂರು ಜೋಡಿಗಳಾದರೆ 8ನ್ನು ಮೂರು ಸಲ ಗುಣಿಸಿದಂತೆ 512ರಷ್ಟು. ಮೊದಲ ಚಕ್ರ ಆನೆಯಂತೆ ನಡೆಯುತ್ತಿದ್ದರೆ ರೆಕ್ಕೆ ದುಂಬಿಯಂತೆ ಮೊರೆಯುತ್ತದೆ. ಈ ಸರಣಿಯನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ, ಗಾಜಿನ ಕೆಳಗೆ ಕೂರಿಸಿದೆವು. ಕೀಲಿ ಕೊಟ್ಟೊಡನೆ 'ಝರ್' ಎಂಬ ಸದ್ದು, ಚಕ್ರಗಳ ಓಟ. ಅದೇ ಹೊತ್ತಿಗೆ ಕಾಲು ಗುಂಡಿಯನ್ನು ಒತ್ತುತ್ತದೆ. ನೋಡಿದವರೆಲ್ಲ ಚಕ್ರಗಳೇ ಪೆಟ್ಟಿಗೆಯನ್ನು ಭಾರಮಾಡಿದವೆಂದು ಭಾವಿಸುತ್ತಾರೆ. ಜಾಣನೊಬ್ಬ ಜೇಬಿನಿಂದ ಕಾಂತ ತೆಗೆದು ಚಕ್ರಗಳಿಗೂ ಮೂಲೆಪಟ್ಟಿಗೂ ತಾಗಿಸಿ ನೋಡಬಹುದು. ಹಿತ್ತಾಳೆಗೆ ಕಾಂತ ಅಂಟುವುದಿಲ್ಲ. ಅವನು ಸೋತು ಕುಳಿತುಕೊಳ್ಳುತ್ತಾನೆ. ಮ್ಯಾಸ್ಕಲಿನ್ನನ ಗಾಜಿನ ಕೊಳವೆಯ ಪಾಠ ಇದೇ.

ಅಂಚುಗಳಿಗೆ ಕೆಟ್ಟ ಗ್ಯಾಸ್‌ಲೈಟಿನ ಹಿತ್ತಾಳೆ ತುಣುಕುಗಳು, ಸೈಕಲ್ ಗಂಟೆಯ ಮುಚ್ಚಳ, ಸೀಮೆಎಣ್ಣೆ ಒಲೆಯ ಪಂಪು ಇತ್ಯಾದಿ ಬಂದು ಸೇರಿದವು. ಎಲ್ಲವನ್ನೂ ಹುಣಸೆಹುಳಿ ಮತ್ತು ಬೂದಿಯಿಂದ ತಿಕ್ಕಿದ್ದು ಮಕ್ಕಳು. ತಗ್ಗುಗಳಲ್ಲಿ ಉಳಿದ ಕಪ್ಪನ್ನು ಬೇಕೆಂದೇ ಬಿಟ್ಟೆವು. ಪೂರ್ತಿ ಹೊಳೆಸಿದರೆ ಮದುವೆಮನೆಯ ಪಾತ್ರೆಯಂತೆ ಕಾಣುತ್ತದೆ.

ಗುಜರಿಯಲ್ಲಿ ಕೈಹಾಕುವವರಿಗೆ ಮೂರು ಎಚ್ಚರಿಕೆಗಳು. ಗಡಿಯಾರದ ಮುಖ್ಯ ಸ್ಪ್ರಿಂಗನ್ನು ಸಡಿಲಿಸದೆ ತಿರುಪು ಬಿಚ್ಚಬೇಡಿ. ಕೀಲಿಯನ್ನು ಅಂಗೈಯಲ್ಲಿ ಬಿಗಿಹಿಡಿದು, ತಡೆಕೊಕ್ಕೆಯನ್ನು ಸರಿಸಿ, ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಿರುಗಲು ಬಿಡಬೇಕು. ಅವಸರದಲ್ಲಿ ಇದನ್ನು ಮರೆತ ನನ್ನ ಹೆಬ್ಬೆರಳಿನ ಗಂಟಿನ ಮೇಲೆ ಈಗಲೂ ಬಿಳಿಯ ಗೆರೆಯಿದೆ. ಆಗ ನನ್ನ ಎದುರು ಬಾಗಿ ನೋಡುತ್ತಿದ್ದ ಹುಡುಗನ ಕಣ್ಣು ಅದಕ್ಕೆ ಎರಡೇ ಅಂಗುಲ ದೂರದಲ್ಲಿತ್ತು. ಎರಡನೆಯದಾಗಿ, ಕತ್ತಲೆಯಲ್ಲಿ ಹೊಳೆಯುತ್ತಿದ್ದ ಹಳೆಯ ಗಡಿಯಾರಗಳ ಅಂಕಿಗಳಲ್ಲಿ ರೇಡಿಯಂ ಬಣ್ಣ ಇರಬಹುದು. ಹೊಳಪು ಎಂದೋ ಆರಿದ್ದರೂ ವಿಕಿರಣ ಆರುವುದಿಲ್ಲ, ಏಕೆಂದರೆ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂತಹ ಮುಖಫಲಕವನ್ನು ಕೆರೆಯಲೂಬಾರದು, ಬಳಸಲೂಬಾರದು. ಮೂರನೆಯದು, ಹಳೆಯ ಟಿ.ವಿ.ಯ ಕೊಳವೆಯೂ ದೊಡ್ಡ ಕೆಪಾಸಿಟರುಗಳೂ ಪ್ಲಗ್ ತೆಗೆದ ಬಳಿಕವೂ ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ಬಿಚ್ಚದಿರುವುದೇ ಕ್ಷೇಮ.

ಆ ವರ್ಷದ ವಾರ್ಷಿಕೋತ್ಸವದಲ್ಲಿ ಪೆಟ್ಟಿಗೆ ಗೆದ್ದಿತು. ಅಡಿಕೆ ಮೂಟೆ ಹೊರುವ ಗಟ್ಟಿಗರು ಇಬ್ಬರು ಬಂದು ಸೋತರು. ಒಂದನೆಯ ತರಗತಿಯ ಮಗು ಎತ್ತಿಕೊಂಡು ನಡೆಯಿತು. ಚಪ್ಪಾಳೆಯೋ ಚಪ್ಪಾಳೆ. ನಾನು ಬಹಳ ಹಿಗ್ಗಿದ್ದೆ. ಜನ ಚದುರಿ ಮೇಜನ್ನು ಒಳಗಿಡುವ ಹೊತ್ತಿಗೆ, ನೆರೆಯ ಊರಿನ ಅಜ್ಜಿಯೊಬ್ಬರು ಮೊಮ್ಮಗನ ಕೈಹಿಡಿದು ಬಂದರು. ಸೆರಗಿನ ಗಂಟಿನಿಂದ ಐದು ರೂಪಾಯಿಯ ನೋಟು ತೆಗೆದು ಪೆಟ್ಟಿಗೆಯ ಮೇಲಿಟ್ಟು, "ಮಾಷ್ಟ್ರೇ, ಇವನಿಗೆ ಆಗಾಗ ಕೈಕಾಲು ಸೆಟೆದು ಬೀಳುವ ಕಾಯಿಲೆ. ಇದರ ಮೇಲೆ ಇವನ ಕೈಯನ್ನೊಮ್ಮೆ ಇಡಿಸಿ. ಇದಕ್ಕೆ ಶಕ್ತಿ ಉಂಟಲ್ಲ" ಎಂದರು.

ನನಗೆ ಮಾತು ಹೊರಡಲಿಲ್ಲ. ಅರ್ಧ ಗಂಟೆಯ ಹಿಂದೆ ಇದೇ ಪೆಟ್ಟಿಗೆಗೆ ಶಕ್ತಿಯುಂಟೆಂದು ಧ್ವನಿವರ್ಧಕದಲ್ಲಿ ಹೇಳಿದವನು ನಾನೇ. ಮೇಜಿನ ಹಿಂಬದಿಯ ನಾಲ್ಕು ತಿರುಪುಗಳನ್ನು ಬಿಚ್ಚಿ ಹಲಗೆ ತೆಗೆದೆ. ಕಾಂತ, ತಂತಿ, ಬ್ಯಾಟರಿ ಎಲ್ಲವನ್ನೂ ತೋರಿಸಿ, ಗುಂಡಿಯನ್ನು ಅವರ ಕೈಗೇ ಕೊಟ್ಟೆ. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಹುಡುಗ ಎತ್ತಿ ನೋಡಿದ. "ಹಾಗಾದರೆ ಇದು ಬಾವಿಯ ಪಂಪಿನ ಹಾಗೆ ಕರೆಂಟಿನದ್ದು" ಎಂದರು ಅಜ್ಜಿ. ದನಿಯಲ್ಲಿ ಇದ್ದುದು ಸಮಾಧಾನವೋ ನಿರಾಸೆಯೋ ನನಗೆ ತಿಳಿಯಲಿಲ್ಲ. ನೋಟನ್ನು ಮರಳಿ ಪಡೆಯಲು ಬಹಳ ಹೊತ್ತು ಒಪ್ಪಲಿಲ್ಲ. ಮರುವಾರ ಸಹೋದ್ಯೋಗಿಯೊಬ್ಬರು ಜೊತೆಗೆ ಹೋಗಿ ಹುಡುಗನನ್ನು ವೈದ್ಯರಿಗೆ ತೋರಿಸಿದರು. ದಿನವೂ ಮಾತ್ರೆ ನುಂಗುತ್ತ ಅವನು ಹತ್ತನೆಯ ತರಗತಿಯವರೆಗೆ ನಮ್ಮಲ್ಲಿಯೇ ಕಲಿತ.

ಹೂಡಿನ್ನನ ಕಥೆಯ ಉತ್ತರಾರ್ಧವನ್ನು ನಾನು ಗಮನವಿಟ್ಟು ಓದಿದ್ದು ಇದಾದ ಮೇಲೆ. 1856ರಲ್ಲಿ ಫ್ರೆಂಚ್ ಆಡಳಿತ ಅವನನ್ನು ಅಲ್ಜೀರಿಯಕ್ಕೆ ಕರೆಸಿಕೊಂಡಿತು. ಅಲ್ಲಿ ಮರಾಬೂತರೆಂಬ ಧಾರ್ಮಿಕ ಮುಖಂಡರು ಪವಾಡಗಳ ಬಲದಿಂದ ಜನರನ್ನು ಫ್ರೆಂಚರ ವಿರುದ್ಧ ಹುರಿದುಂಬಿಸುತ್ತಾರೆಂಬ ಭಯ ಆಳುವವರಿಗಿತ್ತು. ಅವರಿಗಿಂತ ದೊಡ್ಡ ಪವಾಡ ಫ್ರೆಂಚರಲ್ಲಿದೆಯೆಂದು ತೋರಿಸಬೇಕಿತ್ತು. ಹೂಡಿನ್ ಈ ಪೆಟ್ಟಿಗೆಯನ್ನೇ ಒಯ್ದ. ಬಲಿಷ್ಠನಾದ ಅರಬನೊಬ್ಬನನ್ನು ವೇದಿಕೆಗೆ ಕರೆದು, 'ನಿನ್ನ ಬಲವನ್ನು ಕಸಿದುಕೊಳ್ಳುತ್ತೇನೆ' ಎಂದು ಸಾರಿದ. ಅವನು ಎಷ್ಟು ಎಳೆದರೂ ಪೆಟ್ಟಿಗೆ ಅಲುಗಲಿಲ್ಲ. ಕೊನೆಗೆ ಹಿಡಿಕೆಯ ಮೂಲಕ ವಿದ್ಯುತ್ತಿನ ಆಘಾತ ಕೊಟ್ಟದ್ದರಿಂದ ಆ ಮನುಷ್ಯ ಚೀರಿ ಓಡಿಹೋದ. ಇದೆಲ್ಲವನ್ನೂ ಹೂಡಿನ್ ಹೆಮ್ಮೆಯಿಂದ ಬರೆದಿದ್ದಾನೆ. ತನ್ನದು ಮಂತ್ರವಲ್ಲ, ಕೈಚಳಕವೆಂದು ಆಮೇಲೆ ದುಭಾಷಿಗಳ ಮೂಲಕ ಜನರಿಗೆ ತಿಳಿಸಲಾಯಿತೆಂದೂ ಬರೆದಿದ್ದಾನೆ. ಆದರೆ ಅಷ್ಟರಲ್ಲಿ ಭಯ ತನ್ನ ಕೆಲಸ ಮುಗಿಸಿತ್ತು. ಅವನ ಕೈಕುಶಲತೆಗೆ ನಾನು ತಲೆಬಾಗುತ್ತೇನೆ. ಆ ರಾತ್ರಿಯ ಪ್ರದರ್ಶನಕ್ಕೆ ಬಾಗಲಾರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದಾಗ, ಇಷ್ಟೊಂದು ಗದ್ದಲ ಏಕೆಂದು ನನಗೇ ಅನಿಸಿದ್ದುಂಟು. ಅಜ್ಜಿಯ ಐದು ರೂಪಾಯಿಯನ್ನು ನೋಡಿದ ಬಳಿಕ ಹಾಗೆ ಅನಿಸಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ಕ್ರಮ ನಡೆದುಬಂದಿದೆ. ಪೆಟ್ಟಿಗೆಯನ್ನು ತೋರಿಸಿದ ದಿನವೇ, ಅದೇ ಸಭೆಯಲ್ಲಿ, ಮೇಜಿನ ಹಿಂಬದಿಯನ್ನು ಬಿಚ್ಚಿ ತೋರಿಸಬೇಕು; ಬಿಚ್ಚುವ ಕೆಲಸ ವಿದ್ಯಾರ್ಥಿಯದೇ. ಜಾದೂ ಕೆಡುತ್ತದೆಂದು ಕೆಲವರು ಆಕ್ಷೇಪಿಸಿದರು. ನನ್ನ ಅನುಭವ ಬೇರೆ. ರಹಸ್ಯ ಬಯಲಾದ ಮೇಲೆಯೇ ಮಕ್ಕಳು ಮೇಜನ್ನು ಮುತ್ತಿಕೊಳ್ಳುತ್ತಿದ್ದರು. ದೊಡ್ಡವರು ಮಾತ್ರ ಬೇಗ ಮನೆಗೆ ಹೋಗುತ್ತಿದ್ದರು.

ಸುರುಳಿ ಮೊದಲಿನದೇ, ಈಗಲೂ ಸುಸ್ಥಿತಿಯಲ್ಲಿದೆ. ಬ್ಯಾಟರಿಯನ್ನು ಹಲವು ಸಲ ಬದಲಿಸಿದ್ದಾಯಿತು. ಮುಚ್ಚಳದ ಚಕ್ರಸರಣಿಯಲ್ಲಿ ರೆಕ್ಕೆಯ ಅಚ್ಚು ಸವೆದು ಸದ್ದು ಕರ್ಕಶವಾಗಿದೆ; ಹೊಡೆತದ ಸರಣಿಯಿರುವ ಹಳೆಯ ಗೋಡೆಗಡಿಯಾರ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಶಾಲೆಗೆ ತಲುಪಿಸಬೇಕಾಗಿ ಕೋರುತ್ತೇನೆ. ಹಿಂಬದಿಯ ಹಲಗೆಯ ನಾಲ್ಕು ತಿರುಪುಗಳಲ್ಲಿ ಒಂದು ಕಳೆದುಹೋಗಿದೆ. ಮೂರು ಸಾಕಾಗುತ್ತವೆ, ಬೇಗ ಬಿಚ್ಚಬಹುದು.